ಮಾನೋಮೀಟರಿಗೆ ಯಾವ ದ್ರವ? ಲೆಕ್ಕ ಹಾಕುವುದರಿಂದ ತುಂಬುವವರೆಗೆ

ಔಷಧ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗಾಳಿ ಶೋಧಕದ ಎರಡು ಬದಿಯ ಒತ್ತಡದ ಅಂತರವನ್ನು ತೋರಿಸಲು ಓರೆ ನಳಿಕೆಯ ಮಾನೋಮೀಟರ್ ಒಂದನ್ನು ಗೋಡೆಗೆ ಬಿಗಿದಿದ್ದರು. ಅಂತರವು 50 ಮಿ.ಮೀ. ನೀರಿನ ಮಟ್ಟ ಮುಟ್ಟಿದಾಗ ಶೋಧಕವನ್ನು ಬದಲಿಸಬೇಕೆಂಬುದು ಅಲ್ಲಿನ ನಿಯಮವಾಗಿತ್ತು. ನಾನು ಪರಿಶೀಲನೆಗೆ ಹೋದ ದಿನ ಅದು 41 ತೋರಿಸುತ್ತಿತ್ತು, ಆದರೆ ನನ್ನ ಕೈಯಲ್ಲಿದ್ದ ಮಾಪಕದಲ್ಲಿ ಸರಿಯಾಗಿ 50 ಬಂತು. ನಳಿಕೆಯಲ್ಲಿದ್ದ ಕೆಂಪು ಎಣ್ಣೆ ಸೋರಿಹೋಗಿ ಹಲವು ತಿಂಗಳಾಗಿತ್ತು. ಖಾಲಿಯಾದ ನಳಿಕೆಯನ್ನು ತುಂಬಿದ ಫಿಟ್ಟರ್ ಸ್ವಲ್ಪವೂ ಅಳುಕದೆ, "ಕೆಂಪು ನೀರು ತಾನೇ ಸಾರ್, ಬಣ್ಣ ಕಲಸಿ ಅದನ್ನೇ ಹಾಕ್ದೆ" ಎಂದ. ತಪ್ಪು ಅವನದೆಂದು ನನಗೆ ಅನ್ನಿಸಲಿಲ್ಲ, ಏಕೆಂದರೆ ಆ ಮಾಪಕದ ಮೇಲೆ ಎಲ್ಲಿಯೂ ದ್ರವದ ಹೆಸರನ್ನಾಗಲಿ ಸಾಂದ್ರತೆಯನ್ನಾಗಲಿ ಬರೆದಿರಲಿಲ್ಲ.

ಮಾನೋಮೀಟರಿನಲ್ಲಿ ದ್ರವವೇ ಅಳತೆಗೋಲು, ಒತ್ತಡಕ್ಕೆ ತಕ್ಕಂತೆ ನಳಿಕೆಯಲ್ಲಿ ಏರುವ ದ್ರವದ ಕಂಬದ ಎತ್ತರವೇ ಅಲ್ಲಿನ ಓದು. ಮುಳ್ಳಿನ ಗೇಜಿನಲ್ಲಿ ಒತ್ತಡವನ್ನು ಅಳೆಯುವುದು ಬಾಗಿದ ಲೋಹದ ಕೊಳವೆ. ಗೇಜಿನ ಡಬ್ಬಿಯೊಳಗೆ ತುಂಬಿಸುವ ಗ್ಲಿಸರಿನ್ ಮುಳ್ಳಿನ ಅದುರುವಿಕೆಯನ್ನು ತಗ್ಗಿಸಲು ಮಾತ್ರ ಇರುವುದರಿಂದ ಅದರ ಸಾಂದ್ರತೆಗೂ ಓದಿಗೂ ಸಂಬಂಧವಿಲ್ಲ. ಮಾನೋಮೀಟರಿನ ವಿಷಯ ಹಾಗಲ್ಲ. ಅಲ್ಲಿ ದ್ರವ ಬದಲಾದರೆ ಗಜಕಡ್ಡಿಯೇ ಬದಲಾದಂತೆ. ಆದ್ದರಿಂದ ದ್ರವವನ್ನು ಆರಿಸುವ ಕೆಲಸವನ್ನು ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದರಿಂದ ಆರಂಭಿಸದೆ ಲೆಕ್ಕದಿಂದ ಆರಂಭಿಸಬೇಕು.

ಮೊದಲು ಕಂಬದ ಎತ್ತರವನ್ನು ಲೆಕ್ಕ ಹಾಕಿ

ಒತ್ತಡದ ಅಂತರವನ್ನು ಪಾಸ್ಕಲ್‌ನಲ್ಲಿ ಬರೆದುಕೊಂಡು, ಅದನ್ನು ದ್ರವದ ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಕಂಬದ ಎತ್ತರ ಮೀಟರಿನಲ್ಲಿ ದೊರೆಯುತ್ತದೆ. ನೀರಿನ ಸಾಂದ್ರತೆಯನ್ನು ಘನ ಮೀಟರಿಗೆ 1000 ಕಿ.ಗ್ರಾಂ. ಎಂದು ಹಿಡಿದರೆ ಒಂದು ಮಿ.ಮೀ. ನೀರಿನ ಕಂಬ ಸುಮಾರು 9.8 ಪಾಸ್ಕಲ್‌ಗೆ ಸಮ. ಪಾದರಸದ ಒಂದು ಮಿ.ಮೀ. ಕಂಬವಾದರೆ 133.3 ಪಾಸ್ಕಲ್‌ಗೆ ಸಮ. ಈ ಎರಡು ಅಂಕಿಗಳು ನೆನಪಿನಲ್ಲಿದ್ದರೆ ಉಳಿದದ್ದನ್ನು ಬೆರಳೆಣಿಕೆಯಲ್ಲೇ ಮಾಡಿ ಮುಗಿಸಬಹುದು.

ಅಡುಗೆಮನೆಯ ಸಿಲಿಂಡರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮನೆಬಳಕೆಯ ರೆಗ್ಯುಲೇಟರಿನಿಂದ ಒಲೆಗೆ ಬರುವ ಗ್ಯಾಸಿನ ಒತ್ತಡ ಚದರ ಸೆಂಟಿಮೀಟರಿಗೆ 30 ಗ್ರಾಂ, ಅಂದರೆ ಸುಮಾರು 2942 ಪಾಸ್ಕಲ್. ಇದನ್ನು ನೀರಿನಿಂದ ಅಳೆದರೆ ಕಂಬ 300 ಮಿ.ಮೀ. ಏರುತ್ತದೆ. 0.826 ಸಾಪೇಕ್ಷ ಸಾಂದ್ರತೆಯ (ಅಂದರೆ ನೀರಿನ ಸಾಂದ್ರತೆಯ 0.826 ಪಟ್ಟು ಸಾಂದ್ರತೆಯ) ಕೆಂಪು ಮಾಪಕ ಎಣ್ಣೆಯಿಂದ ಅಳೆದರೆ 363 ಮಿ.ಮೀ. ಏರುತ್ತದೆ. ಪಾದರಸದಿಂದ ಅಳೆದರೆ ಬರೀ 22 ಮಿ.ಮೀ. ಬರಿಗಣ್ಣಿನ ಓದಿನಲ್ಲಿ ಒಂದು ಮಿ.ಮೀ. ತಪ್ಪು ಯಾರಿಗಾದರೂ ಆಗುವಂಥದ್ದು. ಅಷ್ಟೇ ತಪ್ಪು ನೀರಿನ ಕಂಬದಲ್ಲಿ ನೂರಕ್ಕೆ ಮೂರನೆಯ ಒಂದು ಪಾಲಾದರೆ, ಪಾದರಸದಲ್ಲಿ ನೂರಕ್ಕೆ ನಾಲ್ಕೂವರೆ ಪಾಲಾಗುತ್ತದೆ. "ಪಾದರಸವೆಂದರೆ ನಿಖರ" ಎಂಬ ನಂಬಿಕೆ ಪ್ರಯೋಗಾಲಯಗಳಲ್ಲಿ ಇನ್ನೂ ಬೇರುಬಿಟ್ಟುಕೊಂಡಿದೆ. ಆದರೆ ಸಣ್ಣ ಒತ್ತಡಕ್ಕೆ ಅದರಷ್ಟು ಒರಟು ಅಳತೆಗೋಲು ಮತ್ತೊಂದಿಲ್ಲ.

ನನ್ನ ರೂಢಿ ಹೀಗಿದೆ: ದಿನನಿತ್ಯ ಓದಬೇಕಾದ ಒತ್ತಡಕ್ಕೆ ಕಂಬವು ಕನಿಷ್ಠ 100 ಮಿ.ಮೀ. ಇರಬೇಕು, ಗರಿಷ್ಠ ಒತ್ತಡದಲ್ಲಿಯೂ ಅದು ಒಂದು ಮೀಟರನ್ನು ದಾಟಬಾರದು. ಲೆಕ್ಕದಲ್ಲಿ ಬಂದ ಎತ್ತರ ಇದಕ್ಕಿಂತ ಕಡಿಮೆಯಿದ್ದರೆ ಹಗುರ ದ್ರವಕ್ಕೆ ಹೋಗಬೇಕು, ಇಲ್ಲವೇ ನಳಿಕೆಯನ್ನು ಓರೆ ಮಾಡಬೇಕು. ಇದಕ್ಕಿಂತ ಹೆಚ್ಚಿದ್ದರೆ ಭಾರದ ದ್ರವ ಬೇಕು. ಸ್ವಚ್ಛ ಕೊಠಡಿಗಳ ನಡುವೆ ಕಾಯ್ದುಕೊಳ್ಳುವ 15 ಪಾಸ್ಕಲ್ ಅಂತರ ನೀರಿನಲ್ಲಿ ಬರೀ ಒಂದೂವರೆ ಮಿ.ಮೀ. ಆಗುತ್ತದೆ. ಎಣ್ಣೆ ಹಾಕಿದರೂ ಅದು ಎರಡು ಮಿ.ಮೀ. ಮುಟ್ಟುವುದಿಲ್ಲ. ಇಲ್ಲಿ ದ್ರವಕ್ಕಿಂತ ಓರೆಯೇ ಹೆಚ್ಚಿನ ಸಹಾಯ ಮಾಡುತ್ತದೆ. ನಳಿಕೆಯನ್ನು ನೆಲದ ಮಟ್ಟದಿಂದ ಸುಮಾರು 5.7 ಡಿಗ್ರಿ ಮಾತ್ರ ಎತ್ತಿ ಮಲಗಿಸಿದರೆ ದ್ರವ ಚಲಿಸುವ ದೂರ ಹತ್ತು ಪಟ್ಟಾಗುತ್ತದೆ. ಇನ್ನೊಂದು ತುದಿಯಲ್ಲಿ ಕಂಪ್ರೆಸರಿನ 6 ಬಾರ್ ಒತ್ತಡವಿದೆ. ಅದಕ್ಕೆ ಪಾದರಸದ ಕಂಬವೇ ನಾಲ್ಕೂವರೆ ಮೀಟರ್ ಬೇಕಾಗುವುದರಿಂದ ಅಲ್ಲಿ ಮಾನೋಮೀಟರಿನ ಯೋಚನೆಯನ್ನೇ ಬಿಟ್ಟು ಮುಳ್ಳಿನ ಗೇಜನ್ನು ಹಾಕಬೇಕು.

ದ್ರವದ ತಲೆಯ ಮೇಲೆ ಏನಿದೆ ಎಂದು ನೋಡಿ

ಮೇಲಿನ ಲೆಕ್ಕವು ದ್ರವದ ಮೇಲೆ ಅನಿಲವಿರುವಾಗ ಸರಿ. ಅನಿಲದ ತೂಕ ಗಣನೆಗೆ ಬರುವಷ್ಟಿರುವುದಿಲ್ಲ. ನೀರಿನ ಪೈಪಿನಲ್ಲಿ ಅಳೆಯುವಾಗ ಮಾತ್ರ ಮಾಪಕ ದ್ರವದ ಮೇಲೆ ನೀರೇ ಕೂತಿರುತ್ತದೆ. ಆಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಎರಡು ಸಾಂದ್ರತೆಗಳ ವ್ಯತ್ಯಾಸ. ಎಂಜಿನಿಯರಿಂಗ್ ಓದಿದವರೆಲ್ಲ ಪೈಪಿನ ಹರಿವನ್ನು ಅಳೆಯುವ ವೆಂಚುರಿ ಮೀಟರಿನ ಪ್ರಯೋಗದಲ್ಲಿ ಪಾದರಸದ ಓದನ್ನು 12.6ರಿಂದ ಗುಣಿಸಿದ್ದು ಇದೇ ಕಾರಣಕ್ಕೆ. 13.6ರಲ್ಲಿ ನೀರಿನ ಪಾಲಾದ 1 ಕಳೆದು ಉಳಿಯುವುದೇ ಆ ಸಂಖ್ಯೆ. ಅದನ್ನು ಮರೆತು 13.6ರಿಂದ ಗುಣಿಸಿದರೆ ನೂರಕ್ಕೆ ಸುಮಾರು ಎಂಟು ಪಾಲು ತಪ್ಪು ನೇರವಾಗಿ ನುಸುಳುತ್ತದೆ.

ಈ ವ್ಯತ್ಯಾಸದ ಗುಟ್ಟು ತಿಳಿದವರಿಗೆ ಅದರಿಂದ ಲಾಭವೂ ಉಂಟು. ನೀರಿನ ಪೈಪಿನಲ್ಲಿ 100 ಮಿ.ಮೀ. ನೀರಿನಷ್ಟು ಸಣ್ಣ ಅಂತರವಿದೆ ಎಂದುಕೊಳ್ಳಿ. ಯು-ನಳಿಕೆಯನ್ನು ತಲೆಕೆಳಗು ಮಾಡಿ ಮೇಲೆ ಗಾಳಿಯನ್ನು ಹಿಡಿದಿಟ್ಟರೆ ಆ 100 ಮಿ.ಮೀ. ಹಾಗೆಯೇ ಕಾಣುತ್ತದೆ. ಗಾಳಿಯ ಬದಲು 0.8 ಸಾಪೇಕ್ಷ ಸಾಂದ್ರತೆಯ ಸೀಮೆಎಣ್ಣೆಯನ್ನು ಮೇಲೆ ನಿಲ್ಲಿಸಿದರೆ ವ್ಯತ್ಯಾಸ 0.2 ಮಾತ್ರ ಉಳಿಯುವುದರಿಂದ ಅದೇ ಅಂತರ 500 ಮಿ.ಮೀ. ಆಗಿ ಹಿಗ್ಗುತ್ತದೆ. ಕಾಗದದ ಮೇಲೆ ಇದು ಬಹಳ ಸೊಗಸು. ಆದರೆ ಎರಡು ದ್ರವಗಳು ಸೇರುವ ಗೆರೆ ಬೇಗ ಕೊಳೆಯಾಗುತ್ತದೆ, ಹರಿವು ಜೋರಾದರೆ ಎಣ್ಣೆ ನೀರಿನಲ್ಲಿ ಹನಿಹನಿಯಾಗಿ ಒಡೆದು ಗಂಟೆಗಟ್ಟಲೆ ಬೇರ್ಪಡುವುದಿಲ್ಲ. ಆದ್ದರಿಂದ ಇದು ನಿಧಾನವಾಗಿ, ತಾಳ್ಮೆಯಿಂದ ಮಾಡುವ ಪ್ರಯೋಗಕ್ಕೆ ಸರಿ, ಕಾರ್ಖಾನೆಯ ಗೋಡೆಗೆ ಸಲ್ಲದು.

ಯಾವುದಕ್ಕೆ ಯಾವುದು ಕೂಡದು

ಎತ್ತರದ ಲೆಕ್ಕದಲ್ಲಿ ಉಳಿದ ಎರಡು ಮೂರು ದ್ರವಗಳನ್ನು ಅನಿಲದ ರಸಾಯನ ಗುಣದ ಜರಡಿಯಲ್ಲಿ ಹಾಯಿಸಬೇಕು. ಇಲ್ಲಿ ತಪ್ಪಿದರೆ ಕೆಡುವುದು ಓದು ಮಾತ್ರವಲ್ಲ, ಅಪಘಾತವೂ ಆಗಬಹುದು. ಆಮ್ಲಜನಕದ ಲೈನಿಗೆ ಯಾವುದೇ ಖನಿಜ ಎಣ್ಣೆ, ಸೀಮೆಎಣ್ಣೆ ಅಥವಾ ಕೆಂಪು ಮಾಪಕ ಎಣ್ಣೆಯನ್ನು ತಾಗಿಸಲೇಬಾರದು, ಏಕೆಂದರೆ ಶುದ್ಧ ಆಮ್ಲಜನಕದ ಸಂಪರ್ಕದಲ್ಲಿ ಎಣ್ಣೆ ಹೊತ್ತಿಕೊಳ್ಳಬಲ್ಲದು. ಅಲ್ಲಿ ಶುದ್ಧ ನೀರನ್ನು, ಇಲ್ಲವೇ ಆಮ್ಲಜನಕಕ್ಕೆಂದೇ ತಯಾರಾದ ಉರಿಯದ ದ್ರವವನ್ನು ಬಳಸಬೇಕು. ಅಮೋನಿಯಕ್ಕೆ ನೀರು ಕೂಡದು, ಏಕೆಂದರೆ ಅದು ನೀರಿನಲ್ಲಿ ಧಾರಾಳವಾಗಿ ಕರಗಿ ಕಂಬದ ಸಾಂದ್ರತೆಯನ್ನೂ ಮಟ್ಟವನ್ನೂ ಕೆಡಿಸುತ್ತದೆ. ಪಾದರಸವಂತೂ ಕೂಡದೇ ಕೂಡದು. ಅಮೋನಿಯ ಮತ್ತು ಪಾದರಸ ಬಹುಕಾಲ ಒಟ್ಟಿಗಿದ್ದರೆ ಸಿಡಿಯುವಂಥ ಸಂಯುಕ್ತಗಳು ಉಂಟಾಗಬಹುದು. ಅಲ್ಲಿಗೆ ತೆಳುವಾದ ಖನಿಜ ಎಣ್ಣೆಯೇ ಒಳ್ಳೆಯದು. ವೆಲ್ಡಿಂಗಿಗೆ ಬಳಸುವ ಅಸಿಟಿಲೀನ್ ಇರುವಲ್ಲಿಯೂ ಪಾದರಸವನ್ನು ದೂರವಿಡಬೇಕು.

ಗೋಬರ್ ಗ್ಯಾಸಿಗೆ ಬಣ್ಣದ ನೀರೇ ಸಾಕು. ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಅಲ್ಪಸ್ವಲ್ಪ ಕರಗಿದರೂ ಓದಿನಲ್ಲಿ ಕಾಣುವಷ್ಟು ವ್ಯತ್ಯಾಸವಾಗುವುದಿಲ್ಲ. ಅದೇ ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಪಾದರಸವನ್ನು ಕಪ್ಪಿಡಿಸುತ್ತದೆ.

ದ್ರವ ಮತ್ತು ನಳಿಕೆ ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಈಗ ಮಾರುಕಟ್ಟೆಯಲ್ಲಿ ಬರುವ ಅನೇಕ ಮಾಪಕಗಳ ಮೈ ಅಕ್ರಿಲಿಕ್. ಆಲ್ಕೋಹಾಲ್ ತಗುಲಿದರೆ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಂಥ ಸೀಳುಗಳು ಮೂಡುತ್ತವೆ, ತೊಳೆಯಲು ಬಳಸುವ ಥಿನ್ನರ್ ಅದನ್ನು ಮಂಜು ಮಾಡಿಬಿಡುತ್ತದೆ. 2.95 ಸಾಪೇಕ್ಷ ಸಾಂದ್ರತೆಯ ಬ್ರೋಮಿನ್ ದ್ರವಗಳಿಗೆ ಗಾಜಿನ ನಳಿಕೆಯೇ ಬೇಕು. ಪಾದರಸ ಗಾಜಿಗೂ ಉಕ್ಕಿಗೂ ಅಂಟುವುದಿಲ್ಲ, ಆದರೆ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರಗಳನ್ನು ಹಿಡಿದು ತಿನ್ನುತ್ತದೆ. ಹಿತ್ತಾಳೆಯ ನಿಪ್ಪಲ್ ಇರುವ ಪಾದರಸದ ಮಾಪಕ ಕಂಡರೆ ಅದನ್ನು ಜೋಡಿಸಿದವರಿಗೆ ಕೆಲಸ ಗೊತ್ತಿಲ್ಲವೆಂದೇ ನಾನು ತಿಳಿಯುತ್ತೇನೆ.

ನಿರ್ವಾತ ಮತ್ತು ಬಿಸಿಲು

ಪ್ರತಿಯೊಂದು ದ್ರವಕ್ಕೂ ಅದರದೇ ಆವಿ ಒತ್ತಡವಿರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿ ಒತ್ತಡ ಸುಮಾರು 4.2 ಕಿಲೋಪಾಸ್ಕಲ್. ನಿರ್ವಾತ ಪಂಪಿನಿಂದ ಅದಕ್ಕಿಂತ ಕೆಳಗೆ ಎಳೆದರೆ ನಳಿಕೆಯ ನೀರು ಕೋಣೆಯ ಬಿಸಿಯಲ್ಲೇ ಕುದಿಯತೊಡಗಿ, ಗುಳ್ಳೆಗಳ ನಡುವೆ ಓದು ಎಂಬುದೇ ಉಳಿಯುವುದಿಲ್ಲ. ಆಲ್ಕೋಹಾಲ್ ಇನ್ನೂ ಬೇಗ ಕುದಿಯುತ್ತದೆ. ಆಳವಾದ ನಿರ್ವಾತಕ್ಕೆ ಡೈಬ್ಯುಟೈಲ್ ಥ್ಯಾಲೇಟ್ ಅಥವಾ ನಿರ್ವಾತ ಪಂಪುಗಳಿಗೆ ಬಳಸುವ ಸಿಲಿಕೋನ್ ಎಣ್ಣೆ ಒಗ್ಗುತ್ತದೆ. ಎರಡರ ಸಾಂದ್ರತೆಯೂ ನೀರಿಗೆ ಹತ್ತಿರವಾದ್ದರಿಂದ ಕಂಬ ಚೆನ್ನಾಗಿ ಏರುತ್ತದೆ. ತುಂಬುವ ಮುನ್ನ ಅದರಲ್ಲಿ ಕರಗಿರುವ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯದಿದ್ದರೆ ಮೊದಲ ದಿನವೆಲ್ಲ ಗುಳ್ಳೆ ಬರುತ್ತಲೇ ಇರುತ್ತದೆ.

ಉಷ್ಣತೆಯ ಪ್ರಭಾವವನ್ನು ಜನ ಒಂದೋ ಪೂರ್ತಿ ಮರೆಯುತ್ತಾರೆ, ಇಲ್ಲವೇ ವಿಪರೀತ ಹೆದರುತ್ತಾರೆ. ನೀರಿನ ಸಾಂದ್ರತೆ 20 ಡಿಗ್ರಿಯಲ್ಲಿ 998.2, 40 ಡಿಗ್ರಿಯಲ್ಲಿ 992.2. ರಾಯಚೂರಿನ ಬೇಸಿಗೆಯಲ್ಲಿಯೂ ತಪ್ಪು ನೂರಕ್ಕೆ ಒಂದು ಪಾಲಿನೊಳಗೇ ಉಳಿಯುತ್ತದೆ ಎಂದರ್ಥ. ಸೀಮೆಎಣ್ಣೆ ಜಾತಿಯ ಎಣ್ಣೆಗಳು ಮಾತ್ರ ಅದೇ 20 ಡಿಗ್ರಿಗೆ ನೂರಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು ಹಿಗ್ಗುವುದರಿಂದ, ತಗಡಿನ ಚಾವಣಿಯ ಕೆಳಗೆ ಬಿಸಿಲು ಬೀಳುವ ಗೋಡೆಗೆ ಎಣ್ಣೆಯ ಮಾಪಕವನ್ನು ಬಿಗಿಯಬಾರದು. ಇದರ ಜೊತೆಗೆ ಗುರುತ್ವದ ಸಣ್ಣ ಲೆಕ್ಕವೂ ಒಂದಿದೆ. ಅಳತೆಪಟ್ಟಿಗಳನ್ನು ಸಾಮಾನ್ಯವಾಗಿ 9.80665 ಎಂಬ ಪ್ರಮಾಣಿತ ಮೌಲ್ಯಕ್ಕೆ ಅಚ್ಚು ಹಾಕಿರುತ್ತಾರೆ, ಬೆಂಗಳೂರಿನಲ್ಲಿ ಅದು ಸುಮಾರು 9.78 ಮಾತ್ರ. ವ್ಯತ್ಯಾಸ ನೂರಕ್ಕೆ ಕಾಲು ಪಾಲಿಗಿಂತ ತುಸು ಹೆಚ್ಚು. ಗ್ಯಾಸ್ ಒಲೆ ನೋಡುವವರು ಇದನ್ನು ಮರೆಯಬಹುದು, ಬೇರೆ ಮಾಪಕಗಳನ್ನು ಇದರಿಂದ ತಾಳೆ ನೋಡುವವರು ಮರೆಯಬಾರದು.

ಸೊನ್ನೆ ಡಿಗ್ರಿಗಿಂತ ಕೆಳಗಿರುವ ಶೀತಲ ಕೋಣೆಯೊಳಗೆ ಅಳೆಯುವುದಾದರೆ ನೀರು ಹೆಪ್ಪುಗಟ್ಟಿ ನಳಿಕೆಯನ್ನೇ ಸೀಳುವುದರಿಂದ ಎಣ್ಣೆಯನ್ನೇ ಬಳಸಬೇಕು.

ನಳಿಕೆಯ ಗೋಡೆಗೆ ಅಂಟುವ ಗುಣ

ನೀರಿನ ದೊಡ್ಡ ದೋಷ ಅದರ ಮೇಲ್ಮೈ ಕರ್ಷಣ. 4 ಮಿ.ಮೀ. ಒಳವ್ಯಾಸದ ಗಾಜಿನ ನಳಿಕೆಯಲ್ಲಿ ನೀರು ತನ್ನಷ್ಟಕ್ಕೆ ತಾನೇ 7 ಮಿ.ಮೀ.ಗೂ ಹೆಚ್ಚು ಮೇಲೇರುತ್ತದೆ. ಯು-ನಳಿಕೆಯ ಎರಡೂ ತೋಳುಗಳಲ್ಲಿ ಸಮನಾಗಿ ಏರಿದರೆ ಅದು ಪರಸ್ಪರ ಕಳೆದುಹೋಗಬೇಕು ಎಂಬುದು ನಿಜ. ಆದರೆ ಒಂದು ತೋಳಿನ ಒಳಮೈಗೆ ಬೆರಳಿನ ಜಿಡ್ಡು ತಾಗಿದ್ದರೂ ಸಾಕು, ಎರಡು ಕಡೆಯ ಏರಿಕೆ ಬೇರೆಬೇರೆಯಾಗಿ ಒಂದೆರಡು ಮಿ.ಮೀ. ತಪ್ಪು ಸದಾ ಕೂತಿರುತ್ತದೆ. ಆದ್ದರಿಂದ ನೀರಿಗೆ 8ರಿಂದ 10 ಮಿ.ಮೀ. ಒಳವ್ಯಾಸದ ನಳಿಕೆಯನ್ನು ಆರಿಸಿ, ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದೇ ಒಂದು ಹನಿ ಬೆರೆಸಬೇಕು. ಎರಡನೆಯ ಹನಿ ಹಾಕಿದರೆ ನೊರೆ ಬಂದು ಹೊಸ ತೊಂದರೆ ಆರಂಭವಾಗುತ್ತದೆ. ಓರೆ ನಳಿಕೆ ಕಿರಿದಾಗಿರುವುದರಿಂದ ಅಲ್ಲಿ ನೀರು ಅಂಟಿಕೊಂಡು ನಿಂತು, ಬೆರಳಿನಿಂದ ತಟ್ಟಿದಾಗ ಜಿಗಿಯುತ್ತದೆ. ಆ ಮಾಪಕಗಳಿಗೆ ಎಣ್ಣೆಯನ್ನೇ ಗೊತ್ತುಮಾಡಿರುವುದು ಸಾಂದ್ರತೆ ಕಡಿಮೆ ಎಂಬುದಕ್ಕೆ ಎಷ್ಟೋ, ಅದರ ಮೇಲ್ಮೈ ಕರ್ಷಣ ನೀರಿನದರಲ್ಲಿ ಮೂರನೆಯ ಒಂದು ಪಾಲಿನಷ್ಟೇ ಎಂಬುದಕ್ಕೂ ಅಷ್ಟೇ.

ದಪ್ಪ ಎಣ್ಣೆಯ ಗೋಜಿಗೆ ಹೋಗಬೇಡಿ. ಓದು ಕುಣಿಯುತ್ತದೆ ಎಂದು ದಪ್ಪ ಎಣ್ಣೆ ಹಾಕುವವರನ್ನು ಕಂಡಿದ್ದೇನೆ. ಕಂಬ ಇಳಿಯುವಾಗ ಗೋಡೆಗೆ ಅಂಟಿದ ಪದರ ನಿಧಾನವಾಗಿ ಜಾರಿ ಬರುವುದರಿಂದ ಸರಿಯಾದ ಓದಿಗೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಕುಣಿತ ನಿಲ್ಲಿಸಲು ರಬ್ಬರ್ ಕೊಳವೆಯ ಮೇಲೆ ಒಂದು ತಿರುಪಿನ ಕ್ಲಿಪ್ಪನ್ನು ಹಾಕಿ ತುಸು ಬಿಗಿ ಮಾಡಿದರೆ ಸಾಕು.

ಪಾದರಸದ ವಿಷಯ

1 ಮೀಟರ್ ಪಾದರಸದ ಕಂಬ 133 ಕಿಲೋಪಾಸ್ಕಲ್ ಅಳೆಯಬಲ್ಲದು, ಆವಿಯಾಗುವುದು ಅತ್ಯಲ್ಪ, ಗಾಜನ್ನು ಒದ್ದೆ ಮಾಡುವುದಿಲ್ಲ. ಈ ಗುಣಗಳನ್ನೆಲ್ಲ ಒಪ್ಪಿಕೊಂಡೂ ಹೊಸ ಮಾಪಕಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಒತ್ತಡ ಒಮ್ಮೆ ಮಿತಿಮೀರಿದರೆ ಇಡೀ ಕಂಬ ಪೈಪಿನೊಳಕ್ಕೋ ನೆಲಕ್ಕೋ ಹಾರಿಹೋಗುತ್ತದೆ. ನೆಲದ ಬಿರುಕುಗಳಲ್ಲಿ ಸೇರಿದ ಹನಿಗಳು ವರ್ಷಗಟ್ಟಲೆ ವಿಷದ ಆವಿಯನ್ನು ಬಿಡುತ್ತಲೇ ಇರುತ್ತವೆ. 2017ರಲ್ಲಿ ಜಾರಿಗೆ ಬಂದ, ಭಾರತವೂ 2018ರಲ್ಲಿ ಅನುಮೋದಿಸಿದ ಮಿನಮಾಟಾ ಒಪ್ಪಂದವು ಪಾದರಸ ತುಂಬಿದ ಮಾನೋಮೀಟರುಗಳ ತಯಾರಿಕೆ, ಆಮದು ಮತ್ತು ರಫ್ತನ್ನು ನಿಲ್ಲಿಸಬೇಕಾದ ಸರಕುಗಳ ಪಟ್ಟಿಯಲ್ಲಿ ಸೇರಿಸಿದೆ. ಹಳೆಯ ಮಾಪಕ ಇನ್ನೂ ಬಳಕೆಯಲ್ಲಿದ್ದರೆ ಅದರ ಎರಡೂ ತುದಿಗೆ ಉಕ್ಕಿ ಬಂದ ದ್ರವವನ್ನು ಹಿಡಿಯುವ ಬುಡ್ಡಿಗಳನ್ನು ಕಟ್ಟಿ, ಕೆಳಗೆ ತಟ್ಟೆಯಿಟ್ಟು, ಪಕ್ಕದಲ್ಲಿ ಗಂಧಕದ ಪುಡಿ ಇಟ್ಟುಕೊಳ್ಳಿ. ಚೆಲ್ಲಿದ ಪಾದರಸವನ್ನು ಪೊರಕೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರನ್ನಂತೂ ಹತ್ತಿರ ತರಲೇಬಾರದು. ಎರಡೂ ಅದನ್ನು ಸಣ್ಣ ಹನಿಗಳಾಗಿ ಹರಡುತ್ತವೆ.

ನೀರು ಮತ್ತು ಪಾದರಸಗಳ ನಡುವಣ ಒತ್ತಡಗಳಿಗೆ 1.75 ಸಾಪೇಕ್ಷ ಸಾಂದ್ರತೆಯ ನೀಲಿ ದ್ರವ ಸಿಗುತ್ತದೆ. ಹಳೆಯ ಪ್ರಯೋಗ ಪುಸ್ತಕಗಳಲ್ಲಿ ಕಾಣುವ ಕಾರ್ಬನ್ ಟೆಟ್ರಾಕ್ಲೋರೈಡಿನ ಸಾಪೇಕ್ಷ ಸಾಂದ್ರತೆ 1.59 ಇದ್ದು ಲೆಕ್ಕಕ್ಕೆ ಬಹಳ ಅನುಕೂಲವಾಗಿತ್ತು. ಆದರೆ ಅದು ಯಕೃತ್ತಿಗೆ ವಿಷ, ಓಜೋನ್ ಪದರಕ್ಕೂ ಹಾನಿಕರ. ಕಪಾಟಿನ ಮೂಲೆಯಲ್ಲಿ ಹಳೆಯ ಸೀಸೆ ಸಿಕ್ಕಿತೆಂದು ಅದನ್ನು ಬಳಸಬಾರದು.

ತುಂಬುವುದು

ನೀರನ್ನು ಬಳಸುವುದಾದರೆ ಭಟ್ಟಿ ಇಳಿಸಿದ ನೀರನ್ನು ತೆಗೆದುಕೊಳ್ಳಿ. ಬ್ಯಾಟರಿಗೆ ಹಾಕುವ ನೀರು ಸಾಕು. ಬೋರ್‌ವೆಲ್ ನೀರಿನ ಲವಣದಿಂದ ಸಾಂದ್ರತೆಯಲ್ಲಿ ಆಗುವ ವ್ಯತ್ಯಾಸ ನಗಣ್ಯ, ಆದರೆ ಆವಿಯಾದಂತೆಲ್ಲ ಗಾಜಿನ ಮೇಲೆ ಬಿಳಿಯ ಪಟ್ಟಿ ಕಟ್ಟಿ ಕೆಲವೇ ತಿಂಗಳಲ್ಲಿ ಮಟ್ಟವೇ ಕಾಣದಂತಾಗುತ್ತದೆ. ಬಣ್ಣಕ್ಕೆ ಚಿಟಿಕೆಗಿಂತ ಕಡಿಮೆ ಅಡುಗೆ ಬಣ್ಣ ಅಥವಾ ಹಸಿರು ಹೊಳಪಿನ ಫ್ಲೋರೆಸೀನ್ ಸಾಕು. ಕೆಂಪು ಬಣ್ಣವನ್ನು ಮಾತ್ರ ನೀರಿಗೆ ಹಾಕಬೇಡಿ. ಅದು ಎಣ್ಣೆಗೆ ಮೀಸಲಾಗಿರಲಿ. ನನ್ನ ಈ ಹಟ ಎಲ್ಲಿಂದ ಬಂತೆಂದು ಓದುಗರಿಗೆ ಈಗಾಗಲೇ ತಿಳಿದಿರುತ್ತದೆ.

ನಳಿಕೆಯನ್ನು ಸೋಪು ನೀರಿನಿಂದ ತೊಳೆದು, ಭಟ್ಟಿ ನೀರಿನಿಂದ ಜಾಲಿಸಿ, ಪೂರ್ತಿ ಒಣಗಿಸಿ. ಸಿರಿಂಜಿಗೆ ತೆಳುವಾದ ಕೊಳವೆ ಸಿಕ್ಕಿಸಿ ದ್ರವವನ್ನು ತಳದಿಂದ ಮೇಲಕ್ಕೆ ನಿಧಾನವಾಗಿ ತುಂಬಿದರೆ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಯು-ನಳಿಕೆಯನ್ನು ಅರ್ಧ ಎತ್ತರದವರೆಗೆ ತುಂಬಿ. ಅಲ್ಲಿ ದ್ರವ ಸ್ವಲ್ಪ ಆವಿಯಾದರೂ ಎರಡು ಮಟ್ಟಗಳ ಅಂತರ ಬದಲಾಗುವುದಿಲ್ಲ. ಒಂದೇ ನಳಿಕೆಯ ಬಟ್ಟಲು ಮಾಪಕದಲ್ಲಿ ಮತ್ತು ಓರೆ ಮಾಪಕದಲ್ಲಿ ಹಾಗಲ್ಲ. ದ್ರವ ಕಡಿಮೆಯಾದಷ್ಟೂ ಸೊನ್ನೆ ಜಾರುವುದರಿಂದ ಪ್ರತಿ ಸಲ ಎರಡೂ ತುದಿಗಳನ್ನು ಗಾಳಿಗೆ ತೆರೆದು ಸೊನ್ನೆಗೆ ಹೊಂದಿಸಿಕೊಳ್ಳಬೇಕು. ನೀರಿಗೆ ಆಲ್ಕೋಹಾಲ್ ಬೆರೆಸುವ ಹಳೆಯ ಪದ್ಧತಿಯಲ್ಲಿ ಇನ್ನೊಂದು ತೊಂದರೆಯಿದೆ. ಆಲ್ಕೋಹಾಲ್ ಮೊದಲು ಆರಿಹೋಗಿ ಸಾಂದ್ರತೆ ದಿನದಿಂದ ದಿನಕ್ಕೆ ಏರುತ್ತದೆ, ಸೊನ್ನೆ ಹೊಂದಿಸಿದರೂ ಆ ತಪ್ಪು ಹೋಗುವುದಿಲ್ಲ.

ಓದುವಾಗ ಕಣ್ಣು ದ್ರವದ ಮಟ್ಟಕ್ಕೆ ನೇರವಾಗಿರಲಿ. ನೀರು, ಎಣ್ಣೆಗಳಲ್ಲಿ ಬಾಗಿದ ಮೇಲ್ಮೈಯ ತಗ್ಗಿನ ಬಿಂದುವನ್ನೂ, ಪಾದರಸದಲ್ಲಿ ಉಬ್ಬಿನ ನೆತ್ತಿಯನ್ನೂ ಓದಬೇಕು.

ನಳಿಕೆಯಲ್ಲಿರುವುದು ಯಾವುದೆಂದು ಖಚಿತಪಡಿಸಿಕೊಳ್ಳಿ

ಹೊಸದಾಗಿ ತುಂಬಿದ ಮೇಲೂ, ಬೇರೆಯವರು ತುಂಬಿದ ಮಾಪಕ ಕೈಗೆ ಬಂದಾಗಲೂ ಈ ಪರೀಕ್ಷೆಯನ್ನು ನಾನು ತಪ್ಪಿಸುವುದಿಲ್ಲ. ಶುದ್ಧ ನೀರು ತುಂಬಿದ ಒಂದು ಯು-ನಳಿಕೆಯನ್ನೂ ಪರೀಕ್ಷಿಸಬೇಕಾದ ಮಾಪಕವನ್ನೂ ಒಂದು ಟೀ ಜೋಡಣೆಯ ಎರಡು ಬಾಯಿಗಳಿಗೆ ಸಿಕ್ಕಿಸಿ, ಮೂರನೆಯ ಬಾಯಿಗೆ 10 ಮಿ.ಲೀ. ಸಿರಿಂಜನ್ನು ಹಾಕಿ. ಪಿಸ್ಟನ್ನನ್ನು ಸ್ವಲ್ಪವೇ ಒತ್ತಿ ಹಿಡಿದರೆ ಎರಡಕ್ಕೂ ಒಂದೇ ಒತ್ತಡ ಬೀಳುತ್ತದೆ. ಪರೀಕ್ಷಿಸುವ ಮಾಪಕದಲ್ಲಿ ಅಚ್ಚಿನ ಅಂಕಿಯನ್ನು ನಂಬದೆ, ದ್ರವ ನಿಜವಾಗಿ ಎಷ್ಟು ಎತ್ತರ ಏರಿದೆ ಎಂಬುದನ್ನು ಸಾಮಾನ್ಯ ಅಳತೆಪಟ್ಟಿಯಿಂದ ಅಳೆಯಿರಿ. ನೀರಿನ ಎತ್ತರವನ್ನು ಈ ಎತ್ತರದಿಂದ ಭಾಗಿಸಿದರೆ ಸಿಗುವುದೇ ಆ ದ್ರವದ ಸಾಪೇಕ್ಷ ಸಾಂದ್ರತೆ. ನೀರು 100 ಮಿ.ಮೀ. ಏರಿ ಎಣ್ಣೆ 121 ಏರಿದ್ದರೆ 0.826 ಬರುತ್ತದೆ, ದ್ರವ ಸರಿಯಿದೆ. ಎರಡೂ 100ಕ್ಕೇ ನಿಂತರೆ ನಳಿಕೆಯಲ್ಲಿರುವುದು ಬಣ್ಣ ಹಾಕಿದ ನೀರು. ಓರೆ ಮಾಪಕದಲ್ಲಿ ಎತ್ತರವನ್ನು ಅಳೆಯುವುದು ಕಷ್ಟವಾದ್ದರಿಂದ ಅಲ್ಲಿ ಎಣ್ಣೆಯ ಲೆಕ್ಕಕ್ಕೆ ಹಾಕಿರುವ ಅಚ್ಚಿನ ಅಂಕಿಯನ್ನೇ ನೀರಿನ ಎತ್ತರದೊಂದಿಗೆ ತಾಳೆ ನೋಡಬಹುದು. ನೀರಿನ 100ಕ್ಕೆ ಅದು 83ರ ಆಸುಪಾಸು ತೋರಿಸಿದರೆ ಎಣ್ಣೆಯ ಜಾಗದಲ್ಲಿ ನೀರಿದೆ ಎಂದು ಅರ್ಥ. ಔಷಧ ಕಾರ್ಖಾನೆಯಲ್ಲಿ 50ರ ಬದಲು 41 ಬಂದಿದ್ದೂ ಇದೇ ಲೆಕ್ಕದಿಂದ.

ಪರೀಕ್ಷೆ ಮುಗಿದ ಕೂಡಲೇ, ನಾಳೆಗೆಂದು ಬಿಡದೆ, ದ್ರವದ ಹೆಸರು, 20 ಡಿಗ್ರಿಯಲ್ಲಿ ಅದರ ಸಾಂದ್ರತೆ ಮತ್ತು ತುಂಬಿದ ದಿನಾಂಕಗಳನ್ನು ಒಂದು ಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಕನ್ನಡದಲ್ಲಿಯೇ ಬರೆದು ಮಾಪಕದ ಮೈಗೆ ಅಂಟಿಸಿ. ಆ ಕಾರ್ಖಾನೆಯ ಫಿಟ್ಟರ್ ಅಂದು ಸಂಜೆಯೇ ಕೆಂಪು ಎಣ್ಣೆ ತರಿಸಿ ತುಂಬಿ, "ಎಣ್ಣೆ 0.826, ನೀರು ಹಾಕಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದು, ಅದರ ಕೆಳಗೆ ತನ್ನ ಸಹಿಯನ್ನೂ ಹಾಕಿದ.